ಆರದ ಬ್ಯಾಟರಿ

ಹೋದ ತಿಂಗಳು ಅವರು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಬಿಜಾಪುರದ ಜಲನಗರದಲ್ಲಿ ಒಂದು ಸಂತಾಪ ಸಭೆ ಇಟ್ಟುಕೊಂಡಿದ್ದರು. ನನ್ನ ಮನೆಗೆ ಕೂಗಳತೆಯ ದೂರ, ಮಂಡಿನೋವಿನ ನೆಪ ಹೇಳುವ ಹಾಗಿರಲಿಲ್ಲ, ಹೋದೆ. ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದರು. ಈ ಭಾಗದ ಮನೆಗಳಿಗೆ ಹೆಂಡಿಗ್ಯಾಸಿನ ಒಲೆ ತಂದವರು, ವಿಜ್ಞಾನವನ್ನು ಹಳ್ಳಿಗೆ ಒಯ್ದವರು, ಕಾಲಕ್ಕಿಂತ ಮುಂದಿದ್ದವರು. ಎಲ್ಲ ನಿಜವೇ. ಆದರೆ ಬಬಲೇಶ್ವರದ ಹೆಸರನ್ನು ಯಾರೊಬ್ಬರೂ ಎತ್ತಲಿಲ್ಲ. ಮರೆತರೋ, ಸತ್ತವರ ಬಗ್ಗೆ ಅದೆಲ್ಲ ಯಾಕೆ ಎಂದು ಬಿಟ್ಟರೋ ಗೊತ್ತಿಲ್ಲ. ನನಗೆ ಕೂತಲ್ಲೇ ಮೈ ಉರಿಯಿತು. ಅವರು ಬದುಕಿದ್ದು ಈ ಸಭೆಗೆ ಬಂದಿದ್ದರೆ ಅರ್ಧಕ್ಕೇ ಎದ್ದು ಚಪ್ಪಲಿ ಮೆಟ್ಟಿಕೊಂಡು ನಡೆದುಬಿಡುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಊರವರು ಇಟ್ಟ ಹೆಸರು ಅವರಿಗೆ ಹೆಚ್ಚು ಇಷ್ಟವಾಗಿತ್ತು: ಹೆಂಡಿ ಮಾಸ್ತರು. ಹೆಂಡಿ ಎಂದರೆ ನಮ್ಮ ಕಡೆ ಸಗಣಿ.

ಎಪ್ಪತ್ತರ ದಶಕದ ಮಾತು. ನಾನು ಬಿಜಾಪುರದಿಂದ ಅಥಣಿ ರಸ್ತೆಯ ಬಸ್ಸು ಹಿಡಿದು ದಿನಾ ತಿಕೋಟಾದ ಹೈಸ್ಕೂಲಿಗೆ ಹೋಗುತ್ತಿದ್ದೆ, ಕನ್ನಡ ಕಲಿಸಲಿಕ್ಕೆ. ಅವರು ಅಲ್ಲಿ ವಿಜ್ಞಾನದ ಮಾಸ್ತರು. ಬಿಜಾಪುರದಲ್ಲಿ ತಲೆಮಾರುಗಳಿಂದ ಅರಿವೆ ವ್ಯಾಪಾರ ಮಾಡಿಕೊಂಡು ಬಂದ ಮುಸಲ್ಮಾನರ ಮನೆತನ ಅವರದು. ಅಂಗಡಿಯಲ್ಲಿ ಕೂರಲಿಲ್ಲ ಎಂದು ಅವರಪ್ಪನಿಗೆ ಕೊನೆಯವರೆಗೂ ಸಿಟ್ಟಿತ್ತಂತೆ. ಅಂಗಡಿ ಬಿಟ್ಟರೂ ಅದರ ಒಂದು ಅಭ್ಯಾಸ ಅವರ ಕೈಬೆರಳಿಗೆ ಅಂಟಿಕೊಂಡೇ ಇತ್ತು. ಯೋಚನೆಗೆ ಬಿದ್ದಾಗ ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜುತ್ತಿದ್ದರು, ಬಟ್ಟೆಯ ನಯ ನೋಡುವ ಹಾಗೆ. ಅಂಗಿಯ ಜೇಬು ಸದಾ ಉಬ್ಬಿರುತ್ತಿತ್ತು. ಅದರೊಳಗೆ ಭೂತಕನ್ನಡಿ, ಅಯಸ್ಕಾಂತ, ಒಡೆದ ಕನ್ನಡಿಯ ಚೂರು, ಸುತ್ತಿಟ್ಟ ತಂತಿ. ಪೆನ್ನು ಮಾತ್ರ ಇರುತ್ತಿರಲಿಲ್ಲ, ಅದನ್ನು ನನ್ನ ಕಡೆ ಕೇಳುತ್ತಿದ್ದರು.

ಕುಡಿಯುವ ನೀರಿನ ಹರವಿಯ ಪಕ್ಕದ ಗೋಡೆಗೆ ಅವರೊಂದು ಹಲಗೆ ಹೊಡೆದಿದ್ದರು. ಮೇಲೆ 'ಹೊಸ ಸಂಶೋಧನೆ' ಎಂದು ಬರೆದಿತ್ತು. ಎಲ್ಲೆಲ್ಲಿಂದಲೋ ಇಂಗ್ಲಿಷ್ ಪತ್ರಿಕೆ ತರಿಸಿ, ಸುದ್ದಿ ಆರಿಸಿ, ಕನ್ನಡಕ್ಕೆ ತಂದು ಅಲ್ಲಿ ಅಂಟಿಸುವರು. ಬಿಸಿಲಿನಿಂದ ಕರೆಂಟು ಮಾಡುವ ತಗಡುಗಳ ಸುದ್ದಿ. ಹರಡದೆ ದಾರ ಎಳೆದಷ್ಟು ನೆಟ್ಟಗೆ ಹೋಗುವ ಹೊಸ ಬೆಳಕಿನ ಸುದ್ದಿ. ಕಣ್ಣಿಗೆ ಕಾಣದ ಜೀವಿಗಳನ್ನು ಸಾಕಿ ಅವುಗಳಿಂದ ಕೆಲಸ ತೆಗೆಯುವ ಸುದ್ದಿ. ಮಕ್ಕಳು ಉರು ಹೊಡೆದು ಕಲಿಯುವುದಿಲ್ಲ, ಕೈಯಿಂದ ಮಾಡಿ ಕಲಿಯುತ್ತಾರೆ ಎಂಬ ಸುದ್ದಿ. ಅಂಟಿಸುವ ಮುಂಚೆ ನನಗೆ ತೋರಿಸಿ ಭಾಷೆ ತಿದ್ದಿಸಿಕೊಳ್ಳುತ್ತಿದ್ದರು.

"ಸರ್, ಇಲ್ಲಿ ಹರವ್ಯಾಗ ಕುಡಿಯಾಕ ನೀರಿಲ್ಲ, ನೀವ ಮ್ಯಾಲ ಬೆಳಕ ನೆಟ್ಟಗ ಮಾಡಾಕತ್ತೀರಿ" ಎಂದು ನಾನು ಚುಡಾಯಿಸಿದರೆ ನಗುತ್ತಿದ್ದರು.

"ಅಕ್ಕೋರ, ಜಗತ್ತಿನ ಯಾವದೋ ಮೂಲ್ಯಾಗ ಇವತ್ತ ಕಂಡದ್ದು ಎಂದಾರ ಒಂದಿನ ತಿಕೋಟಾಕ ಬರೂದ ಐತಿ. ಮತ್ತ ತಡಾ ಯಾಕ?"

ತಡಾ ಯಾಕ. ಇದು ಅವರ ಬಾಯಿಗೆ ಹತ್ತಿದ ಮಾತು. ತಗಡಿನ ಪೆಟ್ಟಿಗೆಗೆ ಕನ್ನಡಿ ಜೋಡಿಸಿ ಬಿಸಿಲೊಲೆ ಮಾಡಿದ ದಿನವೂ ಹಾಗೇ ಆಯಿತು. ಶಾಲೆಯ ಅಂಗಳದಲ್ಲಿ ಅನ್ನಕ್ಕಿಟ್ಟು ಹೆಡ್‌ಮಾಸ್ತರನ್ನೂ ನಮ್ಮನ್ನೂ ಊಟಕ್ಕೆ ಕರೆದರು. ನಮ್ಮೂರಿನ ಬಿಸಿಲಿಗೆ ಕಲ್ಲೂ ಬೇಯಬೇಕು, ಆದರೆ ಅವತ್ತೇ ಮೋಡ ಬಂದು ಕೂತಿತು. ಇನ್ನೊಂದಿಷ್ಟು ಕಾಯೋಣ ಎಂದು ನಾವು ಅಂದರೂ ಕೇಳದೆ ಮುಚ್ಚಳ ತೆಗೆದುಬಿಟ್ಟರು. ಅರೆಬೆಂದ ಅಕ್ಕಿ. ಅದಷ್ಟನ್ನೂ ತಾವೇ ಕಟಕಟ ಅಗಿದು ತಿಂದು, ಒಂದು ತಂಬಿಗೆ ನೀರು ಕುಡಿದು, "ಆಗೇತಿ ಅಂದ್ರ ಆಗೇತ್ರಿ" ಎಂದರು. ನಾವು ನಕ್ಕೂ ನಕ್ಕೂ ಸುಸ್ತಾದೆವು.

ತಿಕೋಟಾಕ್ಕೆ ಬರುವ ಮುಂಚೆ ಅವರು ಬಬಲೇಶ್ವರದಲ್ಲಿ ಮಾಸ್ತರರಾಗಿದ್ದರು. ಅಲ್ಲಿ ಸಂಗಪ್ಪ ಎಂಬ ರೈತರ ಮನೆಯಲ್ಲಿ ಬಾಡಿಗೆಗಿದ್ದು ಆ ಮನೆಯ ಮಗನೇ ಆಗಿಹೋಗಿದ್ದರು. ಸಂಗಪ್ಪನವರನ್ನು ಅಣ್ಣ ಎನ್ನುವರು, ಅವರ ಹೆಂಡತಿ ನೀಲವ್ವನನ್ನು ವೈನಿ, ಅಂದರೆ ಅತ್ತಿಗೆ, ಎನ್ನುವರು. ವರ್ಗವಾದ ಮೇಲೂ ವಾರಕ್ಕೊಮ್ಮೆ ಹೋಗಿ ಅಲ್ಲಿಯ ರೊಟ್ಟಿ ತಿನ್ನದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ. ಒಮ್ಮೆ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದರು, ಹಗೇವು ತೆಗೆಯುವುದನ್ನು ನೋಡಲಿಕ್ಕೆ.

ಹಗೇವು ಎಂದರೆ ನೆಲದೊಳಗಿನ ಕಣಜ. ಆಳದ ಗುಂಡಿ ತೋಡಿ, ಒಳಗೆ ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ಬೇಕಾದಾಗ ಬಾಯಿ ತೆಗೆದರೆ ಒಳಗಿಂದ ಮುಗ್ಗಲು ವಾಸನೆಯ ಕಾವು ಹೊಡೆಯುತ್ತದೆ, ಕೂಡಲೇ ಇಳಿದವರು ಮೇಲೆ ಬರುವುದಿಲ್ಲ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುವುದು ರೂಢಿ. ಕಂದೀಲು ಆರಿದರೆ ಇಳಿಯುವಂತಿಲ್ಲ, ಉರಿಯುತ್ತಿದ್ದರೆ ಇಳಿಯಬಹುದು. ಓಣಿಯಲ್ಲಿ ಯಾರದೇ ಹಗೇವಿರಲಿ, ಕಂದೀಲು ಬಿಡಲು ಸಂಗಪ್ಪನವರೇ ಬರಬೇಕು. ಅವತ್ತು ಅವರು ಗುಂಡಿಯ ಬಾಯಲ್ಲಿ ಬಗ್ಗಿ ಬಹಳ ಹೊತ್ತು ನೋಡಿ, "ಬೆಳಕ ನಿಂತೈತಿ, ಇನ್ನ ಇಳೀರಿ" ಎಂದರು.

ಹೀಗ್ಯಾಕೆ ಎಂದು ನಾನು ಕೇಳಿದೆ.

"ಒಳಗ ಕತ್ತಲಿ ಕುಂತಿರತೈತ್ರಿ ಅಕ್ಕೋರ. ಬೆಳಕ ಗಟ್ಟಿ ಇದ್ರ ಅದು ಸರದ ಹೋಗತೈತಿ. ಬೆಳಕನ್ನ ನುಂಗ್ತಂದ್ರ ನಮ್ಮನ್ನೂ ನುಂಗತೈತಿ. ನಮ್ಮಪ್ಪ ಹೇಳಿದ್ದು."

ಪಕ್ಕದಲ್ಲಿದ್ದ ನಮ್ಮ ಮಾಸ್ತರು ಸಂತೋಷದಿಂದ ತೊಡೆ ತಟ್ಟಿಕೊಂಡರು. "ನೋಡಿದ್ರೇನ್ರಿ ಅಕ್ಕೋರ! ಇವರಿಗೆ ನಾವೇನ ಕಲಿಸೂದೈತಿ? ಎಲ್ಲಾ ಗೊತ್ತೈತಿ." ಆ ತೊಡೆ ತಟ್ಟಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಆ ವರ್ಷವೇ ಸಂಗಪ್ಪನವರ ಹಿತ್ತಲಲ್ಲಿ ಹೆಂಡಿಗ್ಯಾಸು ಬಂತು. ಸಣ್ಣ ಬಾವಿಯ ಹಾಗೆ ಇಟ್ಟಿಗೆ ಕಟ್ಟಿದ ಗುಂಡಿ, ಅದರ ತುಂಬ ನೀರಿನಲ್ಲಿ ಕಲಸಿದ ಹೆಂಡಿ, ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡೋಲು. ಒಳಗೆ ಹುಟ್ಟಿದ ಗ್ಯಾಸು ಡೋಲನ್ನು ಎತ್ತಿ, ಕೊಳವೆ ಹಿಡಿದು ಅಡುಗೆಮನೆಗೆ ಬರಬೇಕು. ಮೊದಲ ಸಲ ಒಲೆ ಹೊತ್ತಿಸುವ ದಿನ ಓಣಿಯ ಹೆಂಗಸರೆಲ್ಲ ಬಂದು ಮೂಗಿಗೆ ಸೆರಗು ಹಿಡಿದು ನಿಂತರು.

"ಹೆಂಡಿ ಬೆಂಕಿಮ್ಯಾಲ ಮಾಡಿದ್ದು ದೇವರ ನೈವೇದ್ಯಕ್ಕ ನಡೀತೈತೇನ ಬೇ?" ಎಂದಳು ಒಬ್ಬಾಕೆ.

"ಇಷ್ಟ ದಿನಾ ಕುಳ್ಳ ಹಚ್ಚಿ ಮಾಡೀವಿ. ಕುಳ್ಳೇನ ಬಂಗಾರದ್ದೇನ ಬೇ? ಅದೂ ಹೆಂಡೀನ" ಎಂದರು ನೀಲವ್ವ. ಎಲ್ಲರೂ ಗೊಳ್ಳೆಂದು ನಕ್ಕರು. ಒಲೆಯಲ್ಲಿ ನೀಲಿ ಉರಿ ಎದ್ದಿತು. ಹೊಗೆ ಇಲ್ಲ, ಊದುಕೊಳವೆ ಇಲ್ಲ. ಹೊಗೆಗೆ ಸದಾ ನೀರು ಸುರಿಸುತ್ತಿದ್ದ ನೀಲವ್ವನ ಕಣ್ಣು ತಿಂಗಳೊಪ್ಪತ್ತಿನಲ್ಲಿ ತಿಳಿಯಾದವು. ನಮ್ಮ ಮಾಸ್ತರು ಸ್ವರ್ಗಕ್ಕೆ ಮೂರೇ ಗೇಣಿನಲ್ಲಿದ್ದರು.

ಅದರ ಅಪಾಯವನ್ನೂ ಅವರು ಹೇಳಿದರು, ಹೇಳಲಿಲ್ಲ ಎನ್ನುವಂತಿಲ್ಲ. ಒಂದು ತಗಡಿನ ಡಬ್ಬಿಗೆ ಗ್ಯಾಸು ಹಿಡಿದು, ದೂರ ನಿಂತು ಕಡ್ಡಿ ತೋರಿಸಿದರು. ಮುಚ್ಚಳ ಢಮ್ಮೆಂದು ಹಾರಿ ಬೇವಿನ ಗಿಡದೊಳಗೆ ಸಿಕ್ಕಿಕೊಂಡಿತು. ಎಲ್ಲರೂ ಹೌಹಾರಿದರು.

"ಇದರ ಹತ್ತಿರ ಬೆಂಕಿ ತರಬ್ಯಾಡ್ರಿ. ಬೀಡಿ ಸೈತ ಬ್ಯಾಡ. ಕಂದೀಲಂತೂ ಮೊದಲ ಬ್ಯಾಡ" ಎಂದರು. ಅಷ್ಟಕ್ಕೇ ನಿಲ್ಲದೆ, ಕತ್ತಲಲ್ಲಿ ಡೋಲಿನ ಹತ್ತಿರ ಹೋಗಬೇಕಾದರೆ ಇರಲಿ ಎಂದು ಬಿಜಾಪುರದಿಂದ ತಂದ ಹೊಸ ಬ್ಯಾಟರಿಯೊಂದನ್ನು ಸಂಗಪ್ಪನವರ ಕೈಗಿಟ್ಟರು. ಪೇಟೆಯವರು ಟಾರ್ಚು ಎನ್ನುತ್ತಾರಲ್ಲ, ಅದು.

ಸಂಗಪ್ಪನವರು ಅದನ್ನು ಹಚ್ಚಿ ಆರಿಸಿ ನೋಡುತ್ತ, "ಮಾಸ್ತರ, ಈ ಗುಂಡ್ಯಾಗ ಏನೇನ ನಡೀತೈತಿ ಅನ್ನೂದನ್ನ ಒಂದಿಷ್ಟ ಬಿಡಿಸಿ ಹೇಳ್ರೆಲಾ" ಎಂದರು.

"ಹೇಳ್ತೀನಿ ಅಣ್ಣಾ, ನಿಧಾನಕ ಹೇಳ್ತೀನಿ. ಮೊದಲ ನಾಕ ಮನ್ಯಾಗ ಒಲಿ ಹತ್ತಲಿ. ತಡಾ ಯಾಕ?"

ಮರುವರ್ಷ ಬಿಜಾಪುರದಲ್ಲಿ ವಿಜ್ಞಾನದ ಮಾಸ್ತರರಿಗೆ ಒಂದು ಶಿಬಿರ ನಡೆಯಿತು. ಹೊಸ ಪದ್ಧತಿಯಲ್ಲಿ ಪಾಠ ಹೇಳುವುದು ಹೇಗೆ ಎಂಬುದು ಅದರ ವಿಷಯ. ನಮ್ಮ ಮಾಸ್ತರರಿಗೆ ತಮ್ಮ ಹೆಂಡಿಗ್ಯಾಸಿನ ಬಗ್ಗೆ ಮಾತಾಡಲು ಕರೆ ಬಂದಿತ್ತು. ಅವತ್ತು ಮಧ್ಯಾಹ್ನ ನಾನು ತಿಕೋಟಾದಲ್ಲಿ ವರ್ಗದಲ್ಲಿ ಪಾಠ ಹೇಳುತ್ತಿದ್ದೆ. ಹೆಡ್‌ಮಾಸ್ತರು ಬಾಗಿಲಿಗೆ ಬಂದು ನನ್ನನ್ನು ಹೊರಗೆ ಕರೆದರು. ಬಬಲೇಶ್ವರದಿಂದ ಫೋನು ಬಂದಿತ್ತು. ಗ್ಯಾಸಿನ ಕೊಳವೆ ಕಟ್ಟಿಕೊಂಡಿದೆಯೆಂದು ಸಂಗಪ್ಪನವರು ಡೋಲು ಎತ್ತಿಸಿ, ಹೆಂಡಿ ತೋಡಿಸಿ, ಗುಂಡಿಯೊಳಗೆ ಇಳಿದಿದ್ದರಂತೆ. ಇಳಿದವರು ಕುಸಿದು ಬಿದ್ದರಂತೆ. ಹಿಂದೆ ಇಳಿಯಹೋದ ಇನ್ನೊಬ್ಬನಿಗೆ ತಲೆ ತಿರುಗಿ, ಜನ ಅವನನ್ನು ರಟ್ಟೆ ಹಿಡಿದು ಎಳೆದುಕೊಂಡರಂತೆ. ಸಂಗಪ್ಪನವರನ್ನು ಕೊಕ್ಕೆ ಹಾಕಿ ಮೇಲೆತ್ತುವ ಹೊತ್ತಿಗೆ ಜೀವ ಇರಲಿಲ್ಲ.

"ಅಕ್ಕೋರ, ನೀವ ಹೋಗಿ ಅವರಿಗೆ ತಿಳಸ್ರಿ. ಬ್ಯಾರೆ ಯಾರ ಬಾಯಿಂದ ಕೇಳೂದ ಬ್ಯಾಡ" ಎಂದರು ಹೆಡ್‌ಮಾಸ್ತರು.

ನಾನು ಶಿಬಿರದ ಕೋಣೆ ಮುಟ್ಟಿದಾಗ ಅವರು ಕಪ್ಪುಹಲಗೆಯ ಮೇಲೆ ಅದೇ ಗುಂಡಿಯ ಚಿತ್ರ ಬರೆದು ವಿವರಿಸುತ್ತಿದ್ದರು. ಎದುರಿಗಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡು ನಗುತ್ತಲೇ ಹೊರಗೆ ಬಂದರು. ಸುದ್ದಿಯನ್ನು ಹೇಗೆ ಹೇಳಿದೆನೋ, ಹೇಳಿದೆ.

"ಆಗೂದಿಲ್ಲ" ಎಂದರು. ಇನ್ನೂ ನಗು ಪೂರ್ತಿ ಮಾಸಿರಲಿಲ್ಲ. "ಯಾರೋ ತಪ್ಪ ಹೇಳ್ಯಾರ. ಸಂಗಪ್ಪಣ್ಣ ಕಂದೀಲ ಬಿಡದ ಇಳಿಯಾಂವ ಅಲ್ಲ."

ಇಬ್ಬರೂ ಬಬಲೇಶ್ವರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಕೈಯಲ್ಲಿ ಉಳಿದಿದ್ದ ಸುಣ್ಣದ ಕಡ್ಡಿಯನ್ನು ಎರಡು ಬೆರಳಿನ ನಡುವೆ ಉಜ್ಜಿ ಉಜ್ಜಿ ಹಿಟ್ಟು ಮಾಡಿದರು. ಪಾಯಜಾಮದ ಮೇಲೆಲ್ಲ ಬಿಳಿ ಪುಡಿ.

ಹಿತ್ತಲಲ್ಲಿ ಜನ ನೆರೆದಿತ್ತು. ನಾವು ಹೋಗುತ್ತಲೇ ದಾರಿ ಬಿಟ್ಟರು. ಗುಂಡಿಯ ಬಾಯಿಗೆ ಅಡ್ಡ ಹಾಕಿದ ಕಟ್ಟಿಗೆಯಿಂದ ಒಂದು ಹಗ್ಗ ಇಳಿಬಿದ್ದಿತ್ತು. ನಾನು ಬಗ್ಗಿ ನೋಡಿದೆ. ಹಗ್ಗದ ತುದಿಯಲ್ಲಿ ಬ್ಯಾಟರಿ ತೂಗುತ್ತಿತ್ತು. ಅದು ಇನ್ನೂ ಉರಿಯುತ್ತಿತ್ತು. ಸೆಲ್ಲು ಇಳಿದು ಹಳದಿಯಾಗಿದ್ದ ಬೆಳಕು ಗುಂಡಿಯ ತಳದ ರಾಡಿಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಆರಿಸಬೇಕು ಎಂದು ಅಷ್ಟು ಜನರಲ್ಲಿ ಯಾರಿಗೂ ತೋಚಿರಲಿಲ್ಲ.

ನೀಲವ್ವ ಹೆಣದ ಹತ್ತಿರದಿಂದ ಎದ್ದು ಬಂದರು. ಅಳುತ್ತಿರಲಿಲ್ಲ. ಅವರ ಮುಖದಲ್ಲಿ ಇದ್ದದ್ದು ದುಃಖಕ್ಕಿಂತ ಹೆಚ್ಚಾಗಿ ದಿಗಿಲು, ಏನೂ ಅರ್ಥವಾಗದವರ ದಿಗಿಲು.

"ಮಾಸ್ತರ, ನಿಮ್ಮ ಮಾತ ಅವರು ಮೀರಿಲ್ರಿ. ಕಂದೀಲ ಬ್ಯಾಡ ಅಂದಿದ್ರಿ, ಒಯ್ಯಲಿಲ್ಲ. ನೀವ ಕೊಟ್ಟ ಬ್ಯಾಟರೀನ ಹಗ್ಗಕ್ಕ ಕಟ್ಟಿ ಬಿಟ್ರು. ಆರಲಿಲ್ರಿ ಅದು. ಬಾಳೊತ್ತ ನೋಡಿದ್ರು. ಬೆಳಕ ನಿಂತೈತಿ ನೋಡ ಬಾ ಅಂತ ನನ್ನೂ ಕರದ ತೋರಿಸಿದ್ರು. ನಾನೂ ನೋಡೇನ್ರಿ, ನಿಂತಿತ್ತು. ಆಮ್ಯಾಲ ಇಳದ್ರು. ಹಿಂಗ್ಯಾಕಾತ್ರಿ?"

ನನಗೆ ಆಗ ಹೊಳೆಯಿತು. ಕಂದೀಲಿನ ಉರಿಗೆ ನಮ್ಮ ಹಾಗೇ ಗಾಳಿ ಬೇಕು, ಗಾಳಿ ಕೆಟ್ಟಲ್ಲಿ ಅದು ಆರುತ್ತದೆ. ಬ್ಯಾಟರಿಗೆ ಗಾಳಿಯ ಹಂಗಿಲ್ಲ, ಅದು ಎಲ್ಲಿಯೂ ಉರಿಯುತ್ತದೆ. ಸಂಗಪ್ಪನವರು ಅಪ್ಪ ಹೇಳಿದ್ದನ್ನೂ ಪಾಲಿಸಿದ್ದರು, ಮಾಸ್ತರು ಹೇಳಿದ್ದನ್ನೂ ಪಾಲಿಸಿದ್ದರು. ಎರಡರಲ್ಲೂ ಯಾಕೆ ಎಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ.

"ಹೇಳ್ರೆಲಾ ಮಾಸ್ತರ, ಹಿಂಗ್ಯಾಕಾತು?" ನೀಲವ್ವ ಮತ್ತೆ ಮತ್ತೆ ಕೇಳಿದರು. ಹೇಳಿದ್ದನ್ನೇ ಹತ್ತು ಥರ ಬಿಡಿಸಿ ಹೇಳಬಲ್ಲ ಆ ಮಾಸ್ತರು ಹಗ್ಗ ಎಳೆದು, ಬ್ಯಾಟರಿ ಬಿಚ್ಚಿ, ಆರಿಸಿ, ಅದನ್ನು ಎದೆಗವಚಿಕೊಂಡು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು.

ಆಮೇಲೆ ಶಾಲೆಯ ಹಲಗೆ ಬಹಳ ದಿನ ಖಾಲಿ ಇತ್ತು. 'ಹೊಸ ಸಂಶೋಧನೆ' ಎಂಬ ತಲೆಬರಹದ ಕೆಳಗೆ ಬರೀ ಮೊಳೆಗಳು. ತಡಾ ಯಾಕ ಎನ್ನುವ ಮಾತನ್ನು ನಾನು ಅವರ ಬಾಯಿಂದ ಮತ್ತೆಂದೂ ಕೇಳಲಿಲ್ಲ. ವರ್ಗಕ್ಕೆ ಹೋದರೆ ಒಂದು ಸಣ್ಣ ವಿಷಯಕ್ಕೆ ವಾರ ಹಿಡಿಯುವರು. ಯಾಕೆ, ಯಾಕೆ ಎಂದು ಮಕ್ಕಳ ಬಾಯಿಂದ ಹೊರಡಿಸುವವರೆಗೆ ಮುಂದೆ ಹೋಗುತ್ತಿರಲಿಲ್ಲ. ಪಾಠ ಮುಗಿಯುವುದಿಲ್ಲ ಎಂದು ಹೆಡ್‌ಮಾಸ್ತರು ಸಿಡಿಮಿಡಿಗೊಂಡರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕಿರಾಣಿ ಅಂಗಡಿಯಿಂದ ಪೆಪ್ಪರ್‌ಮಿಂಟಿನ ದೊಡ್ಡ ಗಾಜಿನ ಬರಣಿ ತಂದು ಅವರು ಒಂದು ಪ್ರಯೋಗ ಕಟ್ಟಿದರು. ಬರಣಿಯ ತಳಕ್ಕೆ ಅಡುಗೆ ಸೋಡಾ ಹಾಕಿ ಮೇಲೆ ಲಿಂಬಿಹಣ್ಣಿನ ರಸ ಹಿಂಡುವರು. ಬುಸುಬುಸು ನೊರೆಯೆದ್ದು ಅಡಗುತ್ತದೆ. ನೋಡಲು ಬರಣಿ ಖಾಲಿಯೇ, ಆದರೆ ಒಳಗೆ ಉಸಿರು ಕಟ್ಟಿಸುವ ಗಾಳಿ. ತಂತಿಗೆ ಸಿಕ್ಕಿಸಿದ ಸಣ್ಣ ಚಿಮಣಿ ದೀಪವನ್ನು ಇಳಿಬಿಟ್ಟರೆ ತಟ್ಟನೆ ಆರುತ್ತದೆ. ಆಮೇಲೆ ಬ್ಯಾಟರಿ ಹಚ್ಚಿ ಇಳಿಬಿಡುವರು. ಅದೇ ಬ್ಯಾಟರಿ. ಅದು ಉರಿಯುತ್ತಲೇ ಇರುತ್ತದೆ. ಆಗ ಕೇಳುವರು: "ಎರಡರಾಗ ಯಾವದು ನಮ್ಮಂಗ ಉಸರಾಡತೈತಿ?"

ಒಂದು ದಿನ ನೀಲವ್ವ ಬಬಲೇಶ್ವರದಿಂದ ನಮ್ಮ ಶಾಲೆಗೆ ಬಂದರು. ಅಂಗಳದಲ್ಲಿ ನಿಂತು, "ಮಾಸ್ತರ, ಅವತ್ತ ಕೇಳಿದ್ದಕ್ಕ ನೀವ ಇನ್ನೂ ಹೇಳಿಲ್ಲ" ಎಂದರು. ಬೈದಂತೆಯೂ ಇರಲಿಲ್ಲ, ಬೇಡಿದಂತೆಯೂ ಇರಲಿಲ್ಲ. ಅವರು ನೀಲವ್ವನನ್ನು ವರ್ಗದೊಳಗೆ ಕರೆದು ಮುಂದಿನ ಬೆಂಚಿನ ಮೇಲೆ ಕೂರಿಸಿದರು. ನಾನೂ ಬಾಗಿಲಲ್ಲಿ ನಿಂತೆ. ಲಿಂಬಿ ಹಿಂಡುವಾಗ ರಸ ಮೇಜಿನ ಮೇಲೆಲ್ಲ ಚೆಲ್ಲಿತು. ಚಿಮಣಿ ಇಳಿಯಿತು, ಆರಿತು. ಬ್ಯಾಟರಿ ಇಳಿಯಿತು, ಆರಲಿಲ್ಲ.

ನೀಲವ್ವ ಬರಣಿಯನ್ನೇ ನೋಡುತ್ತ ಕೂತರು. ಆಮೇಲೆ ಕೇಳಿದರು.

"ಇಷ್ಟ ಏನ್ರಿ?"

"ಇಷ್ಟ ರೀ ವೈನಿ."

"ಇದನ್ನ ತೋರ್ಸಾಕ ಎಷ್ಟೊತ್ತ ಹಿಡೀತೈತ್ರಿ?"

ಅವರು ತಲೆ ತಗ್ಗಿಸಿದರು. "ಚಾ ಕುದಿಯೂವಷ್ಟ ಹೊತ್ತು."

ನೀಲವ್ವ ಎದ್ದು ಬಾಗಿಲವರೆಗೆ ಬಂದರು, ಹೊರಟೇಬಿಟ್ಟರು ಎಂದುಕೊಂಡೆ. ಅಲ್ಲಿಂದ ತಿರುಗಿ, "ಗ್ಯಾಸ ಇದ್ದ ಊರಾಗೆಲ್ಲಾ ಇದನ್ನ ತೋರ್ಸಬೇಕ್ರಿ. ನಾನೂ ಬರ್ತೀನಿ" ಎಂದರು.

ಬಂದರು. ಬಬಲೇಶ್ವರದಲ್ಲಿ, ತಿಕೋಟಾದಲ್ಲಿ, ಘೋಣಸಗಿಯಲ್ಲಿ, ಎಲ್ಲೆಲ್ಲಿ ಅಂಥ ಒಲೆ ಬಂದಿದ್ದವೋ ಅಲ್ಲೆಲ್ಲ ಕಟ್ಟೆಯ ಮೇಲೆ ಬರಣಿ ಇಡುತ್ತಿದ್ದರು. ಮಾಸ್ತರು ದೀಪ ಇಳಿಬಿಡುವರು, ನೀಲವ್ವ ಪಕ್ಕದಲ್ಲಿ ನಿಲ್ಲುವರು. ಎಲ್ಲ ಮುಗಿದ ಮೇಲೆ ನೀಲವ್ವ ಸೆರಗು ಸರಿ ಮಾಡಿಕೊಂಡು ಪ್ರತಿ ಊರಿನಲ್ಲಿ ಒಂದೇ ಮಾತು ಆಡುವರು: "ನಮ್ಮ ಮನಿಯವರು ಈ ಮಾಸ್ತರ ಮಾತ ಕೇಳಿ ಸತ್ತಾರ್ರಿ. ನೀವು ಬರೇ ಮಾತ ಕೇಳಬ್ಯಾಡ್ರಿ. ಯಾಕ ಅಂತ ಕೇಳ್ರಿ."

ಮೊದಲ ಸಲ ಕೇಳಿದಾಗ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಮಾಸ್ತರರ ಕಡೆ ನೋಡಿದೆ. ಬರಣಿಯ ಬಾಯಿ ಒರೆಸುತ್ತ ನಿಂತಿದ್ದರು. ಎಲ್ಲರ ಕಣ್ಣೂ ಅವರ ಮೇಲಿತ್ತು. ಪ್ರತಿ ಊರಿನಲ್ಲೂ ಹೀಗೇ. ಘೋಣಸಗಿಯಿಂದ ಹಿಂತಿರುಗುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಸರ್, ಆ ಒಂದ ಮಾತ ಬಿಡ್ರಿ ಅಂತ ನೀಲವ್ವಗ ಹೇಳಬಾರದೇನ್ರಿ? ಮಂದಿ ನಿಮ್ಮನ್ನ ಹೆಂಗ ನೋಡ್ತಾರ ಗೊತ್ತೈತೇನು?"

ಅವರು ತೊಡೆಯ ಮೇಲಿನ ಬರಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಆ ಮಾತ ಬಿಟ್ರ ಪ್ರಯೋಗ ಅರ್ಧಾ ಆಗತೈತ್ರಿ ಅಕ್ಕೋರ. ಅರ್ಧಾ ಹೇಳೇ ಅಣ್ಣನ್ನ ಕಳಕೊಂಡೀನಿ."

ನೀಲವ್ವ ತೀರಿಕೊಂಡು ಬಹಳ ವರ್ಷಗಳಾದವು. ಕೊನೆತನಕ ಆ ಮನೆಯಲ್ಲಿ ಹೆಂಡಿಗ್ಯಾಸಿನ ಒಲೆಯೇ ಉರಿಯಿತು, ನಮ್ಮ ಮಾಸ್ತರು ಅಲ್ಲಿ ರೊಟ್ಟಿ ತಿನ್ನುವುದೂ ನಿಲ್ಲಲಿಲ್ಲ. ಇದು ಹೇಗೆ ಸಾಧ್ಯವಾಯಿತೋ ನನಗೆ ಇನ್ನೂ ಬಗೆಹರಿದಿಲ್ಲ.

ಜಲನಗರದ ಆ ಸಭೆಯಲ್ಲಿ ಎಲ್ಲರ ಹೊಗಳಿಕೆ ಮುಗಿದ ಮೇಲೆ, 'ನೀವು ಹಿರಿಯರು, ಎರಡು ಒಳ್ಳೆಯ ಮಾತು ಹೇಳಿ' ಎಂದು ನನ್ನ ಕೈಗೆ ಮೈಕು ಕೊಟ್ಟರು. ನಾನು ಎದ್ದು ನಿಂತು, "ಬಬಲೇಶ್ವರದ ನೀಲವ್ವನ ಗಂಡ ಈ ಮಾಸ್ತರರ ಮಾತು ಕೇಳಿ ಸತ್ತರು" ಎಂದೆ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಸಂಘಟಕರೊಬ್ಬರು ಮೈಕಿಗೆ ಕೈ ಚಾಚಿದರು. ನಾನು ಮೈಕು ಬಿಡಲಿಲ್ಲ, ಮುಂದಕ್ಕೆ ಮಾತಾಡಲೂ ಇಲ್ಲ. ಕಾದೆ.

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದಳು. ತಿಕೋಟಾದಲ್ಲಿ ಅವರ ಕೈಯಲ್ಲಿ ಕಲಿತವಳಂತೆ, ತಲೆಗೂದಲು ನೆರೆತಿತ್ತು.

"ಯಾಕ್ರಿ ಅಕ್ಕೋರ?" ಎಂದು ಕೇಳಿದಳು.

ಆಗ ಹೇಳಲು ಶುರು ಮಾಡಿದೆ.